ನಾಲ್ಕಿಂಚಿನ ಸಂಸಾರ

ಐವತ್ತು ದಾಟಿದ ಗಂಡಸಿನ ತೂಕ ಕೇಳುವ ಹಕ್ಕು ಲೋಕದಲ್ಲಿ ಇಬ್ಬರಿಗೆ ಮಾತ್ರ ಉಂಟೆಂದು ನಾನು ನಂಬಿದ್ದೆ. ಒಬ್ಬರು ಡಾಕ್ಟರು, ಇನ್ನೊಬ್ಬಳು ಹೆಂಡತಿ. ಡಾಕ್ಟರಿಗೆ ಒಂದೆರಡು ಕಿಲೊ ಕಡಿಮೆ ಮಾಡಿ ಹೇಳಿ ಪ್ರಯೋಜನವಿಲ್ಲ, ತಕ್ಕಡಿ ಅಲ್ಲೇ ಕಾದಿರುತ್ತದೆ. ಹೆಂಡತಿಗೆ ಹೇಳಬೇಕಾಗಿಯೇ ಇಲ್ಲ, ಸೋಫಾ ಹೇಳುತ್ತದೆ. ಹೀಗಿರುವಾಗ, ಎಂದೂ ಮುಖ ನೋಡದ ಒಬ್ಬ ಸ್ಪ್ರಿಂಗ್ ಮಾರುವವನು ಫೋನಿನಲ್ಲಿ ಕುಶಲೋಪರಿ ಒಂದೂ ಇಲ್ಲದೆ "ತೂಕ ಎಷ್ಟು?" ಅಂದುಬಿಟ್ಟ. ಗಾಡಿಯದನ್ನು ಕೇಳುತ್ತಿದ್ದಾನೆಂದುಕೊಂಡು ಹೇಳಿದೆ. "ಅದು ನನಗೆ ಗೊತ್ತು. ನಿನ್ನದು ಹೇಳು. ಹೆಲ್ಮೆಟ್ಟು, ಬೂಟು, ಎದೆಗವಚ ಎಲ್ಲ ಹಾಕಿಕೊಂಡು." ಪಕ್ಕದಲ್ಲಿ ಹೆಂಡತಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಚಾಕು ನಿಂತಿತು. ನಾನು ದನಿ ತಗ್ಗಿಸಿ ಒಂದು ಅಂಕಿ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲರೂ ಹತ್ತು ಪೌಂಡ್ ಕಡಿಮೆ ಹೇಳುತ್ತಾರೆ. ನಾನೇ ಸೇರಿಸಿಕೊಂಡಿದ್ದೇನೆ" ಅಂದ.

ನಾನಿರುವುದು ಅಮೆರಿಕದ ಓಹಾಯೋದಲ್ಲಿ, ಹುಟ್ಟೂರು ಮೈಸೂರು. ವಾರವಿಡೀ ಕಂಪ್ಯೂಟರಿನ ಮುಂದೆ ಕೂರುವ ಕೆಲಸ. ರಜೆಯ ದಿನ ಗರಾಜಿನಲ್ಲಿ ಒಂದು ಹಳೆಯ ಸಿಝೆಡ್ 250 ಮೋಟೊಕ್ರಾಸ್ ಗಾಡಿಯ ಮುಂದೆ ಕೂರುತ್ತೇನೆ. 1960ರ ದಶಕದ್ದು, ಎರಡು ಸ್ಟ್ರೋಕಿನದು, ನಿಂತಲ್ಲಿ ಎಣ್ಣೆ ಸುರಿಸುವಂಥದು. ಚಳಿಗಾಲ ಬಂದಾಗ ಕರಿಬೇವಿನ ಗಿಡಕ್ಕಿಂತ ಮೊದಲು ಅದಕ್ಕೆ ಬೆಚ್ಚಗಿನ ಜಾಗ ಸಿಗುತ್ತದೆ ಎನ್ನುವುದು ನನ್ನ ಹೆಂಡತಿಯ ಶಾಶ್ವತ ದೂರು. ಕರಿಬೇವಿಗೆ ಫೋರ್ಕ್ ಸೀಲ್ ಒಡೆಯುವ ಭಯವಿಲ್ಲವಲ್ಲ ಎಂದು ನಾನು ಒಮ್ಮೆ ಸಮಜಾಯಿಷಿ ಕೊಟ್ಟಿದ್ದೆ. ಆಮೇಲೆ ಕೆಲವು ದಿನ ಒಗ್ಗರಣೆಯಲ್ಲಿ ಕರಿಬೇವು ಕಾಣಿಸಲಿಲ್ಲ.

ಇಂಥ ಗಾಡಿಗಳನ್ನು ಇಲ್ಲಿ ಸುಮ್ಮನೆ ಒರೆಸಿ ನಿಲ್ಲಿಸುವುದಿಲ್ಲ, ಮಣ್ಣಿನಲ್ಲಿ ಓಡಿಸಿ ರೇಸ್ ಮಾಡುತ್ತಾರೆ. ಅಮೆರಿಕನ್ ಹಿಸ್ಟಾರಿಕ್ ರೇಸಿಂಗ್ ಮೋಟರ್‌ಸೈಕಲ್ ಅಸೋಸಿಯೇಷನ್ ಎಂಬ ಉದ್ದ ಹೆಸರಿನ ಸಂಸ್ಥೆಯೊಂದು ಇದನ್ನೆಲ್ಲ ನೋಡಿಕೊಳ್ಳುತ್ತದೆ. ಎಲ್ಲರೂ ಅದನ್ನು ಆರ್ಮಾ ಎಂದು ಮೊಟಕಾಗಿ ಕರೆಯುತ್ತಾರೆ. ಅವರ ನಿಯಮದ ಪುಸ್ತಕ ನೋಡಿದರೆ ನಮ್ಮ ಪಂಚಾಂಗ ಸರಳ ಅನ್ನಿಸಬೇಕು. ಗಾಡಿಯ ವರ್ಷಕ್ಕೆ ವರ್ಗ, ಸಿಸಿಗೆ ವರ್ಗ, ಸವಾರನ ಕೈಚಳಕಕ್ಕೆ ವರ್ಗ, ಕೊನೆಗೆ ವಯಸ್ಸಿಗೂ ವರ್ಗ: ಐವತ್ತು ದಾಟಿದವರು, ಅರವತ್ತು ದಾಟಿದವರು, ಎಪ್ಪತ್ತು ದಾಟಿದವರು. ವರ್ಗಗಳು ಇಷ್ಟಿರುವುದರಿಂದ ನನ್ನಂಥವನಿಗೆ ಒಂದು ಅನುಕೂಲವಿದೆ. ನನ್ನ ವರ್ಗದಲ್ಲಿ ಮೂವರೇ ಹೆಸರು ಕೊಟ್ಟಿದ್ದರೆ ಮೂರನೆಯ ಬಹುಮಾನ ನನಗೆ ಗ್ಯಾರಂಟಿ. ಆ ಫಲಕಗಳನ್ನು ಮೈಸೂರಿನಿಂದ ಬಂದ ನೆಂಟರು ಕೈಯಲ್ಲಿ ಹಿಡಿದು ತಲೆದೂಗುತ್ತಾರೆ. ಒಟ್ಟು ಎಷ್ಟು ಜನ ಓಡಿಸಿದರೆಂದು ಯಾರೂ ಕೇಳುವುದಿಲ್ಲ, ನಾನಾಗಿ ಹೇಳುವುದೂ ಇಲ್ಲ.

ಈ ಎಲ್ಲ ನಿಯಮಗಳಲ್ಲಿ ನನ್ನ ನಿದ್ದೆಗೆಡಿಸುವುದು ಒಂದೇ. 1974ರವರೆಗಿನ ಹಳೆಯ ಗಾಡಿಗಳ ವರ್ಗದಲ್ಲಿ ಮುಂದಿನ ಚಕ್ರ ಮೇಲೆ ಕೆಳಗೆ ಆಡುವುದು 7 ಇಂಚು ಮೀರಬಾರದು, ಹಿಂದಿನದು 4 ಇಂಚು ಮೀರಬಾರದು. ಈಗಿನ ಮೋಟೊಕ್ರಾಸ್ ಗಾಡಿಗಳ ಚಕ್ರ ಹನ್ನೆರಡು ಇಂಚಿನಷ್ಟು ಆಡುತ್ತದೆ. ಅದರ ಮೇಲೆ ಕೂತವರು ಮನೆಯ ಚಾವಣಿಯಿಂದ ಹಾರಿದರೂ ಹೇಗೋ ಬದುಕುತ್ತಾರೆ. ನಮಗೆ ನಾಲ್ಕೇ ಇಂಚು. ಬಂದ ಗುಂಡಿ, ಬಿದ್ದ ಪೆಟ್ಟು, ಕೂತ ದೇಹ, ನಿನ್ನೆ ರಾತ್ರಿ ತಿಂದ ಹೋಳಿಗೆ, ಎಲ್ಲವನ್ನೂ ಆ ನಾಲ್ಕು ಇಂಚಿನೊಳಗೇ ಇತ್ಯರ್ಥ ಮಾಡಬೇಕು. ಗಾಡಿ ಅದಕ್ಕಿಂತ ಹೆಚ್ಚು ಆಡುವಂತಿದ್ದರೆ ಫೋರ್ಕಿನೊಳಗೆ, ಶಾಕಿನೊಳಗೆ ಅಡ್ಡ ಬಿಲ್ಲೆ ಇಟ್ಟು ಕಡಿಮೆ ಮಾಡಿಕೊಂಡೇ ಬರಬೇಕು. ರೇಸ್ ಅಂದರೆ ಗಾಡಿಯನ್ನು ಉತ್ತಮಪಡಿಸುವುದು ಎಂದು ಎಲ್ಲರೂ ತಿಳಿದಿರುತ್ತಾರೆ. ದುಡ್ಡು ಕೊಟ್ಟು ಅದನ್ನು ಒಂದು ಮಟ್ಟಕ್ಕಿಂತ ಉತ್ತಮವಾಗದಂತೆ ಕಟ್ಟಿಹಾಕುವ ಈ ಹುಚ್ಚು ನನಗೆ ಬಹಳ ಇಷ್ಟ.

ಫೋನಿನಲ್ಲಿ ತೂಕ ಕೇಳಿದವನಿಂದ ಸ್ಪ್ರಿಂಗ್ ಪೊಟ್ಟಣ ಬಂತು. ಸ್ಪ್ರಿಂಗಿನ ಮೇಲೆ 90 ಎಂದಿದ್ದರೆ ಅದನ್ನು ಒಂದಿಂಚು ಅದುಮಲು 90 ಪೌಂಡ್ ಭಾರ ಬೇಕೆಂದು ಅರ್ಥ. ಹಿಂದೆ ಎರಡು ಶಾಕು, ಎರಡು ಸ್ಪ್ರಿಂಗು. ಹಾಕಿಯಾದ ಮೇಲೆ ಗಾಡಿಯ ಮೇಲೆ ಸವಾರ ಕೂತಾಗ ಅದು ಎಷ್ಟು ಕುಸಿಯುತ್ತದೆಂದು ಅಳೆಯಬೇಕು. ಒಟ್ಟು ಆಟದ ಮೂರರಲ್ಲೊಂದು ಪಾಲು, ಹೆಚ್ಚುಕಡಿಮೆ, ಸವಾರನ ಭಾರಕ್ಕೇ ಹೋಗಬೇಕು. ಅಷ್ಟು ಕುಸಿದಿದ್ದರೆ ಚಕ್ರ ಗುಂಡಿಯೊಳಗೆ ಇಳಿದು ನೆಲ ಮುಟ್ಟುತ್ತದೆ, ಇಲ್ಲದಿದ್ದರೆ ಗುಂಡಿಯ ಮೇಲೆ ತೇಲುತ್ತದೆ. ನಾಲ್ಕು ಇಂಚಿನಲ್ಲಿ ಮೂರನೆಯ ಒಂದು ಪಾಲೆಂದರೆ ಸುಮಾರು 34 ಮಿಲಿಮೀಟರ್. ಅಳೆಯುವುದು ಒಬ್ಬನ ಕೈಲಾಗದ ಕೆಲಸ. ಒಬ್ಬರು ಕೂರಬೇಕು, ಒಬ್ಬರು ಗಾಡಿ ಹಿಡಿಯಬೇಕು, ಇನ್ನೊಬ್ಬರು ಹಿಂದಿನ ಆಕ್ಸಲಿನಿಂದ ಮಡ್‌ಗಾರ್ಡಿನ ಗುರುತಿನವರೆಗೆ ಟೇಪು ಹಿಡಿಯಬೇಕು. ರಜೆಗೆ ಬಂದಿದ್ದ ಮಗಳು ಹ್ಯಾಂಡಲ್ ಹಿಡಿದಳು, ಹೆಂಡತಿ ರವಿಕೆ ಹೊಲಿಯುವ ಟೇಪು ತಂದಳು. ನಾನು ಬೂಟು, ಹೆಲ್ಮೆಟ್ಟು, ಕವಚ ತೊಟ್ಟು ಗರಾಜಿನಲ್ಲಿ ನಿಂತ ಗಾಡಿ ಹತ್ತಿದೆ. ಬೀದಿಯಲ್ಲಿ ನಾಯಿ ತಿರುಗಿಸಲು ಹೊರಟಿದ್ದ ಎದುರು ಮನೆಯವರು ನಿಂತು ನೋಡಿ, ಕೈ ಬೀಸಿ, ಹೋದರು.

"ರೀ, ಉಸಿರು ಬಿಡಿ. ಉಸಿರು ಹಿಡ್ಕೊಂಡ್ರೆ ತೂಕ ಕಡಿಮೆ ಆಗಲ್ಲ."

"ಹಿಡ್ಕೊಂಡಿಲ್ಲ ಕಣೇ."

"ಅಪ್ಪಾ, ಹೊಟ್ಟೆ ಒಳಗೆ ಎಳ್ಕೊಂಡ್ರೂ ಆಗಲ್ಲ" ಅಂದಳು ಮಗಳು. ಅವಳು ಓದುತ್ತಿರುವುದು ಭೌತಶಾಸ್ತ್ರ.

ಬಂದದ್ದು ನಲವತ್ತೈದು ಮಿಲಿಮೀಟರ್. ಸ್ಪ್ರಿಂಗಿನ ಕೆಳಗಿನ ಕಾಲರನ್ನು ತಿರುಗಿಸಿ ಏರಿಸಿದರೆ ಕುಸಿತ ಕಡಿಮೆಯಾಗುತ್ತದೆ. ಅದರಿಂದ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಗಟ್ಟಿಯಾಗುವುದಿಲ್ಲ, ಗಾಡಿಯನ್ನು ಎತ್ತರದಲ್ಲಿ ಕೂರಿಸುತ್ತದೆ, ಅಷ್ಟೆ. ಕಾಲರನ್ನು ಎಷ್ಟು ಏರಿಸಿದರೂ ಕುಸಿತ ಸರಿಹೋಗದಿದ್ದರೆ ಬೇರೆ ಸ್ಪ್ರಿಂಗ್ ತರಿಸಬೇಕು. "ಅಥವಾ ರಾತ್ರಿ ಅನ್ನ ಬಿಡಬೇಕು" ಅಂದಳು ಹೆಂಡತಿ, ಟೇಪು ಸುತ್ತುತ್ತಾ. ಸ್ಪ್ರಿಂಗ್ ಅಗ್ಗ ಎಂದು ಲೆಕ್ಕ ಹಾಕಿ ನಾನು ಇನ್ನೊಂದು ಜೊತೆ ತರಿಸಿದೆ.

ನನ್ನ ಸೋದರಮಾವನ ಮನೆಯಲ್ಲಿ ಹೀಗೆ ಯಾರೂ ಟೇಪು ಹಿಡಿದದ್ದಿಲ್ಲ. ಅವರದು ಜಾವಾ, ಮೈಸೂರಿನದೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿ, 1973ರಲ್ಲಿ ಯೆಜ್ಡಿ ಎಂದು ಹೆಸರು ಬದಲಿಸಿಕೊಂಡು, 1996ರಲ್ಲಿ ಬಾಗಿಲು ಹಾಕಿತು. ನಮ್ಮ ಕಾಲದ ಮೈಸೂರಿನ ಹುಡುಗರಿಗೆ ಅದು ಕಾರ್ಖಾನೆಯೆಂದರೆ ಸಾಲದು, ಊರಿನ ಒಂದು ವಾಸನೆ, ಒಂದು ಸದ್ದು. ಒಂದೇ ಲಿವರಿನಲ್ಲಿ ಕಿಕ್ಕೂ ಗೇರೂ ಇರುವ ಆ ಗಾಡಿಯನ್ನು ಹೊರಊರಿನಿಂದ ಬಂದವರು ಕಿಕ್ಕರ್ ಎಲ್ಲಿ ಎಂದು ಹುಡುಕುತ್ತಾ ನಿಲ್ಲುವುದನ್ನು ನೋಡುವುದೇ ನಮಗೆ ಮನರಂಜನೆಯಾಗಿತ್ತು. ಮಾವ ನಂಜನಗೂಡಿಗೆ ಹೊರಟರೆ ಟ್ಯಾಂಕಿನ ಮೇಲೆ ನಾನು, ಹಿಂದೆ ಅತ್ತೆ, ಅತ್ತೆಯ ತೊಡೆಯ ಮೇಲೆ ಪುಟ್ಟಿ. ಹೊರಡುವ ಮುಂಚೆ ಮಾವ ಒಂದು ಸಲ ಎಲ್ಲರನ್ನೂ ಇಳಿಸಿ ಮತ್ತೆ ಕೂರಿಸುತ್ತಿದ್ದರು. "ನೀನು ಸ್ವಲ್ಪ ಮುಂದೆ ಬಾ, ನೀನು ಹಿಂದಕ್ಕೆ ಸರಿ, ಪುಟ್ಟಿ ಮಧ್ಯೆ ಕೂರಲಿ." ಸ್ಪ್ರಿಂಗನ್ನು ತಿರುಗಿಸುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಗಾಡಿ ಇದ್ದ ಹಾಗೇ ಇರುತ್ತಿತ್ತು, ಸರಿಮಾಡಬೇಕಾದದ್ದು ಜನರನ್ನ. ಶಾಕ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎನ್ನುವುದು ವಾಪಸು ಬರುವಾಗ ತಿಳಿಯುತ್ತಿತ್ತು. ಚೀಲದಲ್ಲಿ ತಂದ ರಸಬಾಳೆ ಇಡಿಯಾಗಿದ್ದರೆ ಗಾಡಿ ಚೆನ್ನಾಗಿದೆ. ಸೀಕರಣೆ ಆಗಿಬಂದರೆ ಮೆಕ್ಯಾನಿಕ್ ಭಾಯಿಯ ಹತ್ತಿರ ಹೋಗುವ ಹೊತ್ತಾಯಿತು.

ಈ ಜಾವಾದ ನೆನಪೇ ನನ್ನನ್ನು ಸಿಝೆಡ್ಡಿನ ಬುಡಕ್ಕೆ ತಂದು ಹಾಕಿದ್ದು. ಎರಡೂ ಚೆಕೊಸ್ಲೊವಾಕಿಯಾದವು. ಆ ಸರ್ಕಾರ ಕಾರ್ಖಾನೆಗಳನ್ನು ವಹಿಸಿಕೊಂಡ ಮೇಲೆ ಹೊರದೇಶಗಳಿಗೆ ಜಾವಾ-ಸಿಝೆಡ್ ಎಂಬ ಜೋಡಿ ಹೆಸರಿನಲ್ಲೂ ಹೋಗುತ್ತಿದ್ದವು. ಇಲ್ಲಿ ಓಹಾಯೋದ ಲೆಕ್ಸಿಂಗ್‌ಟನ್ ಎಂಬ ಊರಿನ ಮಿಡ್-ಓಹಾಯೋ ಟ್ರ್ಯಾಕಿನಲ್ಲಿ ಹಳೆಯ ಮೋಟರ್‌ಸೈಕಲ್ಲುಗಳ ದೊಡ್ಡ ಜಾತ್ರೆ ನಡೆಯುತ್ತದೆ, ಜುಲೈನಲ್ಲಿ. ಗೆಳೆಯನೊಬ್ಬ ಬಲವಂತ ಮಾಡಿ ಕರೆದುಕೊಂಡು ಹೋಗಿದ್ದ. ಹಳೆಯ ಬಿಡಿಭಾಗಗಳ ಸಂತೆಯಲ್ಲಿ ಬಿಸಿಲು ಕಾಯುತ್ತಾ ನಡೆಯುತ್ತಿರುವಾಗ ಎಲ್ಲೋ ಆಚೆ ಗುಡ್ಡದ ಹಿಂದಿನಿಂದ ಆ ಸದ್ದು ಬಂತು, ಹಿಂದೆಯೇ ಆ ಹೊಗೆ. ನನ್ನ ಕಾಲು ತಾನಾಗಿ ಆ ಕಡೆ ತಿರುಗಿತು. ಕೆಂಪು ಟ್ಯಾಂಕಿನ, ಮೈಯೆಲ್ಲ ಮಣ್ಣಾದ, ತೆಳ್ಳಗಿನ ಒಂದು ಗಾಡಿ. ಎಂಜಿನ್ನಿನ ಮೇಲಿನ ಆ ದುಂಡು ಕೆತ್ತನೆ ನೋಡಿದಾಗ, ಪರದೇಶದ ಮದುವೆಯಲ್ಲಿ ನಮ್ಮ ಅಜ್ಜಿಯ ಮೂಗು ಹೊತ್ತ ಅಪರಿಚಿತ ಹುಡುಗಿಯನ್ನು ಕಂಡ ಹಾಗಾಯಿತು.

ಆ ತೆಳ್ಳಗಿನ ಗಾಡಿಯ ಪ್ರತಾಪ ಸಾಮಾನ್ಯದ್ದಲ್ಲ. ಬೆಲ್ಜಿಯಂನ ಜೋಯೆಲ್ ರೋಬೆರ್ 1964ರಲ್ಲಿ ಸಿಝೆಡ್ ಮೇಲೆ 250 ಸಿಸಿಯ ವಿಶ್ವ ಚಾಂಪಿಯನ್ ಆದಾಗ ಆತನಿಗೆ ಇಪ್ಪತ್ತು ವರ್ಷ. 1968, 1969ರಲ್ಲಿ ಮತ್ತೆ ಅದೇ ಸಿಝೆಡ್. ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ 1966ರಿಂದ ಮೂರು ವರ್ಷ ಸತತವಾಗಿ 500 ಸಿಸಿಯ ಪಟ್ಟ ಹಿಡಿದಿದ್ದೂ ಸಿಝೆಡ್ ಮೇಲೆಯೇ. ಆಗಿನ ಗಾಡಿಗಳ ಹಿಂದಿನ ಚಕ್ರ ಆಡುತ್ತಿದ್ದುದು ಹೆಚ್ಚೂಕಡಿಮೆ ಇದೇ ನಾಲ್ಕು ಇಂಚು. ಅವರು ಅದರಲ್ಲಿ ಜಗತ್ತು ಗೆದ್ದರು. ನಾನು ಅದರಲ್ಲಿ ಸೊಂಟ ಉಳಿಸಿಕೊಂಡರೆ ಸಾಕು ಎಂಬ ಧ್ಯೇಯವಿಟ್ಟುಕೊಂಡಿದ್ದೇನೆ.

ನಾಲ್ಕಿಂಚಿನ ಯುಗ ಮುಗಿಸಿದ್ದು ಒಬ್ಬ ಅಪ್ಪ. ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್ ಎಂಬ ಎಂಜಿನಿಯರು ಮೋಟೊಕ್ರಾಸ್ ಓಡಿಸುವ ಮಗನ ಅವಸ್ಥೆ ನೋಡಲಾರದೆ, ಹಿಂದಿನ ಎರಡು ಶಾಕುಗಳನ್ನು ತೆಗೆದು ಸೀಟಿನ ಕೆಳಗೆ ಉದ್ದನೆಯ ಒಂದೇ ಶಾಕನ್ನು ಮಲಗಿಸಿದರು. ಸುಜುಕಿಯವರು ಬೇಡವೆಂದರು, ಯಮಾಹಾದವರು ಕೊಂಡರು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್‌ಸನ್ ಆ ಯಮಾಹಾದ ಮೇಲೆ 250 ಸಿಸಿಯ ಚಾಂಪಿಯನ್ ಆದರು. ಅಲ್ಲಿಂದ ಮುಂದೆ ಚಕ್ರದ ಆಟ ಆರು, ಎಂಟು, ಹತ್ತು ಎಂದು ಏರುತ್ತಲೇ ಹೋಯಿತು, ನಿನ್ನೆಯ ಗಾಡಿಗಳೆಲ್ಲ ಒಂದೆರಡು ವರ್ಷದಲ್ಲಿ ಮುದಿಯಾದವು. ಮಗನ ಬೆನ್ನಿಗಾಗಿ ಅಪ್ಪ ಮಾಡಿದ ಕೆಲಸವನ್ನು ಅಲ್ಲಗಳೆಯಲು ನನಗೆ ಬಾಯಿಲ್ಲ. ಆದರೂ, ಆ ಏರಿಕೆಗೆ ಸ್ವಲ್ಪ ಹಿಂದೆಯೇ ನಿಂತುಬಿಡೋಣ ಎಂದು ಕೆಲವರು ಮುದುಕರು ಕೂತು ನಿರ್ಧರಿಸಿ, ಅದನ್ನು ಇಂಚುಪಟ್ಟಿಯಲ್ಲಿ ಅಳೆದು ಕಾಯುತ್ತಿರುವುದನ್ನು ನೋಡಿದರೆ ನನಗೆ ಒಳಗೊಳಗೇ ಖುಷಿ.

ಸ್ಪ್ರಿಂಗಿನದು ಮುಗಿದರೆ ಎಣ್ಣೆಯದು. ಮುಂದಿನ ಫೋರ್ಕಿನೊಳಗೆ ಎಣ್ಣೆ ಇರುತ್ತದೆ. ಚಕ್ರ ಮೇಲೆ ಬಂದಾಗ ಅದು ಸಣ್ಣ ತೂತುಗಳಲ್ಲಿ ನುಸುಳಬೇಕು, ಆ ನುಸುಳುವ ಕಷ್ಟವೇ ನಮಗೆ ಸುಖ. ಹಳೆಯ ಫೋರ್ಕಿನ ತೊಂದರೆಯೆಂದರೆ ತೂತು ಎಂದೂ ತೂತೇ. ಚಕ್ರದ ವೇಗ ಎರಡು ಪಟ್ಟಾದರೆ ಎಣ್ಣೆಯ ತಡೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಬ್ರೇಕ್ ಹಿಡಿದಾಗ ಫೋರ್ಕು ಮೆತ್ತಗೆ ಮೂಗು ಮುಗ್ಗರಿಸುತ್ತದೆ, ಚೂಪಾದ ಕಲ್ಲು ಬಂದಾಗ ಮಾತ್ರ ಬಂಡೆಯಾಗಿ ಮಣಿಕಟ್ಟು ಮುರಿಯುವಷ್ಟು ಹೊಡೆಯುತ್ತದೆ. ಎಣ್ಣೆ ದಪ್ಪಗಿದ್ದರೆ ಎರಡನೆಯ ಕಷ್ಟ, ತೆಳ್ಳಗಿದ್ದರೆ ಮೊದಲನೆಯದು. ಇದರ ಮೇಲೆ, ಡಬ್ಬಿಯಲ್ಲಿ 10 ಎಂದು ಬರೆದ ಒಂದು ಕಂಪನಿಯ ಎಣ್ಣೆಗೂ 10 ಎಂದೇ ಬರೆದ ಇನ್ನೊಂದು ಕಂಪನಿಯ ಎಣ್ಣೆಗೂ ಸಂಬಂಧವಿರುವುದಿಲ್ಲ. ಎಣ್ಣೆಯ ಮೇಲೆ ಉಳಿದ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಅದುಮಿದಾಗ ಆ ಗಾಳಿ ತಾನೇ ಒಂದು ಸ್ಪ್ರಿಂಗಾಗುತ್ತದೆ. ಹಾಗಾಗಿ ಫೋರ್ಕಿನ ಸ್ಪ್ರಿಂಗ್ ತೆಗೆದು, ಪೂರ್ತಿ ಕುಗ್ಗಿಸಿ, ಮೇಲಿನ ಅಂಚಿನಿಂದ ಎಣ್ಣೆಯ ಮಟ್ಟವನ್ನು ಮಿಲಿಮೀಟರಿನಲ್ಲಿ ಅಳೆದು, ಹೆಚ್ಚಾದದ್ದನ್ನು ಸಿರಿಂಜಿನಲ್ಲಿ ಎಳೆದು ಹೊರಹಾಕುತ್ತೇವೆ. ನಮ್ಮ ಅಡುಗೆಮನೆಯಲ್ಲಿ ಹಿಂದೊಮ್ಮೆ ಮಗಳಿಗೆ ಕೆಮ್ಮಿನ ಔಷಧ ಕುಡಿಸುತ್ತಿದ್ದ ಸಿರಿಂಜು ಈಗ ಈ ಸೇವೆಯಲ್ಲಿದೆ.

ಹಿಂದಿನ ಶಾಕಿನಲ್ಲಿ ನೋಡಬೇಕಾದದ್ದು ಅದು ಹೇಗೆ ಮರಳುತ್ತದೆ ಎಂಬುದನ್ನು. ಕುಗ್ಗಿದ ಸ್ಪ್ರಿಂಗ್ ಮನೆಗೆ ಬಂದ ನೆಂಟನ ಹಾಗೆ: ಬಂದದ್ದು ಹೇಗಾದರೂ ಬರಲಿ, ಹೋಗುವುದರಲ್ಲಿದೆ ಮರ್ಯಾದೆ. ದಡಕ್ಕನೆ ಎದ್ದು ಹೊರಟರೆ ಸೀಟು ಬೆನ್ನಿಗೆ ಒದ್ದು ಸವಾರನನ್ನು ಹ್ಯಾಂಡಲಿನ ಮೇಲಕ್ಕೆ ಎಸೆಯುತ್ತದೆ. ಹೊರಡುವುದೇ ನಿಧಾನವಾದರೆ ಮುಂದಿನ ಗುಂಡಿ ಬರುವಷ್ಟರಲ್ಲಿ ಹಿಂದಿನದೇ ಒಳಗೆ ಕೂತಿರುತ್ತದೆ. ಸಾಲಾಗಿ ಐದಾರು ಗುಂಡಿ ಬಂದರೆ ಶಾಕು ಇಂಚಿಂಚಾಗಿ ಕುಗ್ಗಿಕೊಂಡು ಹೋಗಿ ಕೊನೆಗೆ ಇದ್ದ ನಾಲ್ಕು ಇಂಚಿನಲ್ಲಿ ಒಂದೂ ಉಳಿಯುವುದಿಲ್ಲ. ಹಳೆಯ ಶಾಕುಗಳಿಗೆ ಇನ್ನೊಂದು ರೋಗವಿದೆ. ಓಡುತ್ತಾ ಓಡುತ್ತಾ ಒಳಗಿನ ಎಣ್ಣೆ ಕಾಯುತ್ತದೆ, ಗಾಳಿ ಬೆರೆತು ನೊರೆಯಾಗುತ್ತದೆ. ಮೊದಲ ಸುತ್ತಿನಲ್ಲಿ ಸಭ್ಯವಾಗಿದ್ದ ಗಾಡಿ ಕೊನೆಯ ಸುತ್ತಿನಲ್ಲಿ ಕುದುರೆಮರಿ. ಮಧ್ಯಾಹ್ನದ ಹೊತ್ತಿಗೆ ನಾನೂ ಹಾಗೇ ಆಗಿರುವುದರಿಂದ ತಪ್ಪು ಯಾರದೆಂದು ನಿರ್ಣಯಿಸುವುದು ಕಷ್ಟ. ಆ ಕಾಲದ ಸವಾರರು ಸಿಝೆಡ್ಡಿನ ಜೊತೆ ಬಂದ ಶಾಕುಗಳನ್ನು ಕಿತ್ತು ಇಂಗ್ಲೆಂಡಿನ ಗರ್ಲಿಂಗ್ ಅಥವಾ ಹಾಲೆಂಡಿನ ಕೋನಿ ಹಾಕಿಕೊಳ್ಳುತ್ತಿದ್ದುದು ಇದಕ್ಕೇ.

ರೇಸಿನ ದಿನ ಮುಂಜಾನೆ ಪರೀಕ್ಷಕರು ಬಂದು ಗಾಡಿಗಳನ್ನು ನೋಡುತ್ತಾರೆ. ನನ್ನ ಪಕ್ಕದ ಡೇರೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಯಜಮಾನರು ಇರುತ್ತಾರೆ. ರಿಟೈರಾದ ಲೇತ್ ಕೆಲಸಗಾರ, ಮಾತು ಕಡಿಮೆ, ಟೋಪಿಯ ಮೇಲೆ ಐವತ್ತು ವರ್ಷದ ಎಣ್ಣೆ. ಅವರು ಯಾರ ಗಾಡಿಯನ್ನು ಮುಟ್ಟಿದರೂ ಮೊದಲು ಮಾಡುವುದು ಒಂದೇ: ಮುಂದಿನ ಆಕ್ಸಲಿನ ಕ್ಲ್ಯಾಂಪ್ ಸಡಿಲಿಸಿ, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲಿನ ಮೇಲೆ ಎದೆಯೂರಿ ನಾಲ್ಕಾರು ಸಲ ಕುಕ್ಕುವುದು. ಎರಡು ಫೋರ್ಕುಗಳೂ ತಮ್ಮ ತಮ್ಮ ಜಾಗ ಹುಡುಕಿಕೊಂಡ ಮೇಲೆ ಕ್ಲ್ಯಾಂಪ್ ಬಿಗಿಯುತ್ತಾರೆ. ಹಾಗೆ ಮಾಡದಿದ್ದರೆ ಫೋರ್ಕು ಒಂದಕ್ಕೊಂದು ಅಡ್ಡಾಗಿ ನಿಂತು ಉಜ್ಜಿಕೊಳ್ಳುತ್ತವೆ, ಆಗ ಯಾವ ಸ್ಪ್ರಿಂಗೂ ಯಾವ ಎಣ್ಣೆಯೂ ಕೆಲಸಕ್ಕೆ ಬರುವುದಿಲ್ಲ. ಕುಕ್ಕುವಾಗ ಅವರು ಕಣ್ಣು ಮುಚ್ಚಿರುತ್ತಾರೆ, ತಲೆ ಒಂದು ಪಕ್ಕಕ್ಕೆ ವಾಲಿರುತ್ತದೆ. ಫೋರ್ಕಿನೊಳಗಿನ ಎಣ್ಣೆಯ ಸದ್ದು ಕೇಳುತ್ತಿರುತ್ತಾರೆ.

ಅದನ್ನು ಮೊದಲ ಸಲ ನೋಡಿದಾಗ ನಾನು ಸ್ಪ್ಯಾನರ್ ಕೆಳಗಿಟ್ಟೆ. ಲಷ್ಕರ್ ಮೊಹಲ್ಲಾದಲ್ಲಿ ನಮ್ಮ ಮೆಕ್ಯಾನಿಕ್ ಭಾಯಿ ಮಾವನ ಜಾವಾಕ್ಕೆ ಮಾಡುತ್ತಿದ್ದುದೂ ಇದನ್ನೇ. ಅವನ ಬಳಿ ಅಳತೆಯ ಪಾತ್ರೆಯಿರಲಿಲ್ಲ, ಸಿರಿಂಜಿರಲಿಲ್ಲ. ಎರಡು ಬಗೆಯ ಎಣ್ಣೆಯನ್ನು ಒಂದು ಡಬ್ಬಿಯಲ್ಲಿ ಬೆರೆಸಿ, ಬೆರಳಲ್ಲಿ ಉಜ್ಜಿ ನೋಡಿ, ಫೋರ್ಕಿಗೆ ಸುರಿದು, ಹ್ಯಾಂಡಲಿನ ಮೇಲೆ ಹೊಟ್ಟೆಯಾನಿಸಿ ಕುಕ್ಕಿ, ತಲೆ ವಾಲಿಸಿ ಕೇಳುತ್ತಿದ್ದ. "ಇನ್ನೊಂದು ಗುಟುಕು ಬೇಕು ಸ್ವಾಮಿ" ಅಂತ ಮತ್ತೆ ಸುರಿಯುತ್ತಿದ್ದ. ಮಾವ ಅನುಮಾನದಿಂದ "ಅಳತೆ ಬೇಡವೇನಯ್ಯಾ?" ಅಂದರೆ, "ಅಳತೆ ಕಂಪನಿಯೋರ್ದು ಸ್ವಾಮಿ, ಗಾಡಿ ನಿಮ್ದು. ಹಿಂದೆ ಯಾರ್ ಕೂರ್ತಾರೆ ಅಂತ ಕಂಪನಿಗೇನ್ ಗೊತ್ತು?" ಅನ್ನುತ್ತಿದ್ದ. ಹಿಂದೆ ಕೂರುತ್ತಿದ್ದ ಅತ್ತೆ ಆ ಮಾತಿಗೆ ಬೇಸರ ಮಾಡಿಕೊಂಡದ್ದು ನೆನಪಿದೆ. ಭಾಯಿ ಅತ್ತೆಯ ತೂಕವನ್ನು ಬಾಯಿಬಿಟ್ಟು ಎಂದೂ ಕೇಳಲಿಲ್ಲ, ಅವರು ಸೀಟಿನಿಂದ ಇಳಿಯುವಾಗ ಹಿಂದಿನ ಮಡ್‌ಗಾರ್ಡನ್ನು ಮಾತ್ರ ನೋಡುತ್ತಿದ್ದ. ಆ ವಿನಯ ಫೋನಿನ ಸ್ಪ್ರಿಂಗ್ ಮಾರುವವನಿಗೆ ಎಲ್ಲಿಂದ ಬರಬೇಕು?

ಪಕ್ಕದ ಡೇರೆಯ ಯಜಮಾನರಿಗೆ ಈ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: "ಎರಡು ಎಣ್ಣೆಯಲ್ಲಿ ಯಾವುದು ಎಷ್ಟು?" ನನಗೆ ಗೊತ್ತಿರಲಿಲ್ಲ. ಅವರು ತುಂಬಾ ನಿರಾಶರಾದರು. ಆಮೇಲೆ ಟೈರಿನ ಗಾಳಿ ನೋಡಿದರು, ಅದೂ ಶಾಕಿನ ಪಾಲಿನ ಕೆಲಸ ಮಾಡುವುದರಿಂದ ಹನ್ನೆರಡು ಹದಿಮೂರು ಪೌಂಡಿಗೆ ಇಳಿಸಿದರು, ನನ್ನ ಹೆಗಲು ತಟ್ಟಿ ಕಳಿಸಿದರು. ಎರಡು ಮೂರು ವರ್ಗಗಳನ್ನು ಒಂದರ ಹಿಂದೊಂದು ಬಿಡುತ್ತಾರೆ, ನಮ್ಮದು ಕೊನೆಯ ತಂಡ. ಮೊದಲ ತಿರುವಿನಲ್ಲಿ ಧೂಳು ಬಿಟ್ಟರೆ ಏನೂ ಕಾಣಲಿಲ್ಲ. ಎರಡನೆಯ ಸುತ್ತಿನಲ್ಲಿ ಆ ಸಾಲುಗುಂಡಿಗಳ ಮೇಲೆ ಚಕ್ರ ನೆಲ ಬಿಡದೆ ಹರಿದುಹೋಯಿತು. ಸೀಟು ಒದೆಯಲಿಲ್ಲ, ಹ್ಯಾಂಡಲು ನಡುಗಲಿಲ್ಲ. ಯಾವ ಹನ್ನೆರಡು ಇಂಚೂ ಬೇಡ ಅನ್ನಿಸಿತು. ಅಷ್ಟರಲ್ಲಿ ಎಪ್ಪತ್ತು ದಾಟಿದವರ ವರ್ಗದ ಅದೇ ಯಜಮಾನರು ಎಡಗಡೆಯಿಂದ ನನ್ನನ್ನು ದಾಟಿಕೊಂಡು ಹೋದರು. ಟೋಪಿಯ ಬದಲು ಹೆಲ್ಮೆಟ್ ಇದ್ದುದರಿಂದ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು.

ಇದನ್ನು ಓದುತ್ತಿರುವವರಲ್ಲಿ ಕೆಲವರ ಮನೆಯ ಹಿತ್ತಿಲಲ್ಲೋ ಶೆಡ್ಡಿನಲ್ಲೋ ಅಪ್ಪನ ಜಾವಾ, ಮಾವನ ಯೆಜ್ಡಿ ಗೋಣಿತಾಟು ಹೊದ್ದು ನಿಂತಿರಬಹುದು. ಕೊಳ್ಳಲು ಬಂದವರಿಗೆ ಬೆಲೆ ಹೇಳುವ ಮುಂಚೆ ಒಂದು ಕೆಲಸ ಮಾಡಿ. ಫೋರ್ಕಿನಲ್ಲಿರುವ ಎಣ್ಣೆಯನ್ನು ಪೂರ್ತಿ ಇಳಿಸಿ. ಕಪ್ಪಗೆ, ಕೊಳೆತ ಮೀನಿನ ವಾಸನೆ ಹೊಡೆಯುತ್ತಾ ಬರುತ್ತದೆ, ಹಳೆಯ ಬಟ್ಟೆ ಕೈಯಲ್ಲಿರಲಿ. ಸೀಲ್ ಬದಲಾಯಿಸಿ, ಹೊಸ ಎಣ್ಣೆ ಎರಡೂ ಕಡೆ ಸಮನಾಗಿ ಹಾಕಿ, ಆಕ್ಸಲ್ ಸಡಿಲಿಸಿ ನಾಲ್ಕು ಸಲ ಕುಕ್ಕಿ ಬಿಗಿಯಿರಿ. ಆಮೇಲೆ ಮನೆಯವರೊಬ್ಬರನ್ನು ಹಿಂದೆ ಕೂರಿಸಿಕೊಂಡು ನಂಜನಗೂಡಿನವರೆಗೆ ಹೋಗಿಬನ್ನಿ. ಮಾರುವುದೋ ಬೇಡವೋ ಎಂಬುದನ್ನು ವಾಪಸು ಬಂದ ಮೇಲೆ ಯೋಚಿಸಿದರಾಯಿತು.